ಹೆಲ್ಮೆಟ್‌ಗಿಂತ ಮೊದಲು ಹಾಜರಿ ಪುಸ್ತಕ

ಧಾರವಾಡದಲ್ಲಿ ನಮ್ಮ ಮನೆ ಮೇಲೆ ಎರಡು ಕೋಣೆ ಕಟ್ಟಿಸುತ್ತಿದ್ದ ಸಮಯ. ಹೊರಗೋಡೆಗೆ ಗಿಲಾವು ನಡೆದಿತ್ತು. ನೀಲಗಿರಿ ಗಳಗಳಿಗೆ ಹಗ್ಗ ಬಿಗಿದು, ಮೇಲೆ ಒಂದೇ ಒಂದು ಹಲಗೆ ಹಾಕಿ ಪರಾಂಚಿ ಮಾಡಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಬುಟ್ಟಿ ಎತ್ತಿ ಕೊಡುತ್ತಿದ್ದ ಹುಡುಗನ ಕಾಲ ಕೆಳಗೆ ಆ ಹಲಗೆ ಸರಿಯಿತು. ಹತ್ತಡಿ ಮೇಲಿಂದ ಬಿದ್ದ. ಕೆಳಗೆ ಮರಳಿನ ರಾಶಿ ಇದ್ದದ್ದಕ್ಕೆ ಜೀವ ಉಳಿಯಿತು. ಮುಂಗೈ ಮುರಿದಿತ್ತು, ತಲೆಗೆ ಪೆಟ್ಟು ಬಿದ್ದು ಮಂಪರಿನಲ್ಲಿದ್ದ.

ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಹೆಸರು ಕೇಳಿದರು. ನಾನು ಮೇಸ್ತ್ರಿಯ ಮುಖ ನೋಡಿದೆ. ಮೇಸ್ತ್ರಿ ನೆಲ ನೋಡಿದ. "ಎಲ್ಲಾರೂ ಸಣ್ಯಾ ಅಂತೀವ್ರೀ" ಅಂದ. ವಯಸ್ಸು ಗೊತ್ತಿಲ್ಲ. ಊರು ಕುಂದಗೋಳ ಕಡೆ, ಯಾವ ಹಳ್ಳಿ ಅಂತ ಗೊತ್ತಿಲ್ಲ. ಮನೆಯವರ ನಂಬರ್ ಅವನ ಮೊಬೈಲಿನಲ್ಲೇ ಇತ್ತು, ಮೊಬೈಲ್ ಲಾಕ್ ಆಗಿತ್ತು. ಅವನು ಕೆಲಸಕ್ಕೆ ಬಂದು ಅಂದಿಗೆ ಮೂರನೇ ದಿನ. ಮೂರು ದಿನ ನಮ್ಮ ಮನೆಯಲ್ಲೇ ಚಹಾ ಕುಡಿದಿದ್ದ. ನಾನೂ ಹೆಸರು ಕೇಳಿರಲಿಲ್ಲ.

ಹುಡುಗ ಸುಧಾರಿಸಿಕೊಂಡ, ಆದರೆ ಆ ಕಿಟಕಿ ನನ್ನ ತಲೆಯಿಂದ ಹೋಗಿಲ್ಲ. ಕಟ್ಟಡದ ಕೆಲಸದಲ್ಲಿ ಸುರಕ್ಷತೆ ಅಂದ ಕೂಡಲೇ ನಮಗೆ ಹೆಲ್ಮೆಟ್, ಬೆಲ್ಟ್, ಬಲೆ ನೆನಪಾಗುತ್ತವೆ. ಅವು ಬೇಕೇ ಬೇಕು. ಆದರೆ ಹೆಸರೇ ಬರೆದಿಡದ ಮನುಷ್ಯನಿಗೆ ಹೆಲ್ಮೆಟ್ ಕೊಡುವವರು ಯಾರು? ಹಲಗೆ ಕಟ್ಟುವುದನ್ನು ಕಲಿಸುವವರು ಯಾರು? ಅಪಘಾತದ ಬೇರು ಬಹಳ ಸಲ ಇರುವುದು ಕೆಲಸಕ್ಕೆ ಜನರನ್ನು ಹೇಗೆ ತಗೊಂಡೆವು, ಮೊದಲ ದಿನ ಏನು ಹೇಳಿದೆವು, ಪಗಾರ ಹೇಗೆ ಕೊಟ್ಟೆವು, ಎಷ್ಟು ಹೊತ್ತು ದುಡಿಸಿದೆವು, "ಬ್ಯಾಡ, ನಿಲ್ಲಿಸ್ರಿ" ಅನ್ನುವ ಅಧಿಕಾರ ಯಾರ ಕೈಯಲ್ಲಿತ್ತು ಅನ್ನುವುದರಲ್ಲಿ. ಕಂಪನಿಗಳ ಭಾಷೆಯಲ್ಲಿ ಇದಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ, ಅಂದರೆ ಎಚ್‌ಆರ್ ಅನ್ನುತ್ತಾರೆ. ಅದು ಏಸಿ ಆಫೀಸಿನ ವಿಷಯ ಅಂತ ನಾವು ತಿಳಿದುಕೊಂಡಿದ್ದೇವೆ. ಅದು ಹೆಚ್ಚು ಬೇಕಾಗಿರುವುದು ಗಿಲಾವು ನಡೆದಿರುವ ಗೋಡೆಯ ಪಕ್ಕ.

ಧಾರವಾಡದವರಿಗೆ 2019ರ ಮಾರ್ಚ್ 19 ಮರೆಯುವ ದಿನವಲ್ಲ. ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಧ್ಯಾಹ್ನ ಕುಸಿದು ಬಿತ್ತು. 19 ಜನ ಸತ್ತರು. ಕೆಳಗಿನ ಮಹಡಿಗಳಲ್ಲಿ ಆಗಲೇ ಅಂಗಡಿಗಳು ನಡೆದಿದ್ದವು, ಮೇಲೆ ಕೆಲಸವೂ ನಡೆದಿತ್ತು. ಕಟ್ಟಡ ಯಾಕೆ ಬಿತ್ತು ಅನ್ನುವುದು ಎಂಜಿನಿಯರ್‌ಗಳ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಕಟ್ಟಡ ಬಿದ್ದಾಗ ರಕ್ಷಣೆಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: ಒಳಗೆ ಎಷ್ಟು ಮಂದಿ ಇದ್ದಾರೆ? ಇಂದು ಹುಬ್ಬಳ್ಳಿಯ ಯಾವುದೇ ಸೈಟಿಗೆ ಹೋಗಿ ಇದನ್ನೇ ಕೇಳಿ ನೋಡಿ. "ಹತ್ತ-ಹನ್ನೆರಡು ಇರಬೇಕ್ರೀ" ಅನ್ನುತ್ತಾರೆ. ಅವಶೇಷದ ಕೆಳಗೆ ಹುಡುಕುವಾಗ ಹತ್ತಕ್ಕೂ ಹನ್ನೆರಡಕ್ಕೂ ನಡುವಿನ ಅಂತರ ಎರಡು ಜೀವ. ಬೆಳಿಗ್ಗೆ ಬಂದಾಗ ಹೆಸರು ಬರೆದು, ಸಂಜೆ ಹೋಗುವಾಗ ಟಿಕ್ ಹಾಕುವ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಈ ಲೆಕ್ಕವನ್ನು ಸರಿಮಾಡುತ್ತದೆ.

ಈಗ ಕಾನೂನಿನ ಕಡೆ ನೋಡೋಣ, ಯಾಕಂದರೆ ಇತ್ತೀಚೆಗೆ ಅಲ್ಲಿ ದೊಡ್ಡ ಬದಲಾವಣೆ ಆಗಿದೆ. ಇಷ್ಟು ವರ್ಷ ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಆಧಾರವಾಗಿತ್ತು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಅದು ಅನ್ವಯಿಸುತ್ತಿತ್ತು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲು ಮಾಡಿ, ಅದರಿಂದ ಕಲ್ಯಾಣ ಮಂಡಳಿ ನಡೆಸುವ ವ್ಯವಸ್ಥೆ ಬಂದದ್ದೂ ಅದೇ ವರ್ಷ. ನಮ್ಮವರು ಲೇಬರ್ ಕಾರ್ಡ್ ಅನ್ನುವುದು ಈ ಮಂಡಳಿಯ ಕಾರ್ಡಿಗೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಅದು ಸಿಗುತ್ತದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು.

ಈ ಸಂಹಿತೆಗಳಲ್ಲಿ ನಮ್ಮ ಸೈಟುಗಳಿಗೆ ನೇರವಾಗಿ ತಾಗುವ ಮಾತುಗಳಿವೆ. ಕೆಲಸಕ್ಕೆ ಸೇರುವವರಿಗೆ ನೇಮಕಾತಿ ಪತ್ರ ಕೊಡಬೇಕು. ದಿನಕ್ಕೆ 8 ಗಂಟೆ ಕೆಲಸ, ಅದಕ್ಕಿಂತ ಜಾಸ್ತಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಪಗಾರ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಕೆಲಸಗಾರ ಅದನ್ನು ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು, ಮಾಲೀಕರು ಸರಿಪಡಿಸಲೇಬೇಕು. ಸುರಕ್ಷತಾ ಅಧಿಕಾರಿ ಮೊದಲು 500 ಜನರಿದ್ದ ಕಡೆ ಮಾತ್ರ ಕಡ್ಡಾಯ. ಈಗ ಕಟ್ಟಡ ಕೆಲಸಕ್ಕೆ ಅದು 250ಕ್ಕೆ ಇಳಿದಿದೆ.

ಒಳ್ಳೆಯದೇ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ 250 ಜನ ಒಟ್ಟಿಗೆ ದುಡಿಯುವ ಸೈಟು ಎಷ್ಟಿವೆ? ಫ್ಲೈಓವರ್ ಬಿಡಿ, ಒಂದಿಷ್ಟು ದೊಡ್ಡ ಅಪಾರ್ಟ್‌ಮೆಂಟ್ ಬಿಡಿ. ಕೇಶ್ವಾಪುರ, ವಿದ್ಯಾನಗರ, ಗೋಕುಲ ರೋಡ್, ನವನಗರದ ಗಲ್ಲಿಗಳಲ್ಲಿ ಏಳುತ್ತಿರುವ ಮೂರ್ನಾಲ್ಕು ಮಹಡಿಯ ಮನೆಗಳಲ್ಲಿ ಇರುವುದು ಎಂಟು, ಹತ್ತು, ಹದಿನೈದು ಜನ. ಗದಗ, ಹಾವೇರಿಯಲ್ಲಂತೂ ಇನ್ನೂ ಕಡಿಮೆ. ಅಲ್ಲಿಗೆ ಸುರಕ್ಷತಾ ಅಧಿಕಾರಿ ಬರುವುದಿಲ್ಲ. ಎಚ್‌ಆರ್ ಮ್ಯಾನೇಜರ್ ಬರುವುದಿಲ್ಲ. ಬರುವವನು ಮೇಸ್ತ್ರಿ.

ನನ್ನ ಮಾತಿನ ತಿರುಳು ಇಲ್ಲೇ ಇದೆ. ನಮ್ಮ ಕಡೆ ಮೇಸ್ತ್ರಿಯೇ ಎಚ್‌ಆರ್ ವಿಭಾಗ. ಆಳುಗಳನ್ನು ಹುಡುಕುವವನು ಅವನು. ಮುಂಗಡ ಕೊಡುವವನು ಅವನು. ಯಾರು ಮೇಲೆ ಹತ್ತಬೇಕು, ಯಾರು ಕೆಳಗೆ ಮಾಲು ಕಲಸಬೇಕು ಅಂತ ತೀರ್ಮಾನ ಮಾಡುವವನು ಅವನು. ಶನಿವಾರ ಬಟವಡೆ ಮಾಡುವವನೂ ಅವನೇ. ಇಷ್ಟು ದೊಡ್ಡ ಜವಾಬ್ದಾರಿಗೆ ಅವನಿಗೆ ನಾವು ಏನು ಕಲಿಸಿದ್ದೇವೆ? ಒಳ್ಳೆಯ ಗೌಂಡಿಯಾಗಿದ್ದವನು ಹತ್ತು ವರ್ಷದ ನಂತರ ಮೇಸ್ತ್ರಿಯಾಗುತ್ತಾನೆ. ತೂಕದ ಗುಂಡು ಹಿಡಿದು ಗೋಡೆ ನೆಟ್ಟಗೆ ಕಟ್ಟುವುದು ಅವನಿಗೆ ಚೆನ್ನಾಗಿ ಗೊತ್ತು. ಜನರನ್ನು ನೋಡಿಕೊಳ್ಳುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸುರಕ್ಷತೆಗೆ ಖರ್ಚು ಮಾಡಲು ಹಣವಿದ್ದರೆ ಮೊದಲ ರೂಪಾಯಿ ಮೇಸ್ತ್ರಿಗಳ ತರಬೇತಿಗೆ ಹೋಗಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಎರಡು ದಿನದ ತರಬೇತಿ, ಆ ಎರಡು ದಿನದ ಪಗಾರದ ಜೊತೆ. ಪಗಾರ ಕಳೆದುಕೊಂಡು ಯಾರೂ ಬರುವುದಿಲ್ಲ, ಬರಬೇಕು ಅಂತ ಹೇಳುವುದೂ ನ್ಯಾಯವಲ್ಲ.

ಆ ತರಬೇತಿಯಲ್ಲಿ ಮೊದಲು ಹೇಳಬೇಕಾದದ್ದು ಹೊಸಬರ ವಿಷಯ. ಕೆನಡಾದಲ್ಲಿ ನಡೆದ ಅಧ್ಯಯನಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಾಯವಾಗುವ ಸಂಭವ, ವರ್ಷ ದಾಟಿದವರಿಗಿಂತ ಸುಮಾರು ಮೂರು ಪಟ್ಟು. ನಮ್ಮ ಸೈಟುಗಳಲ್ಲಿ ಬಹಳ ಜನ ಯಾವಾಗಲೂ ಮೊದಲ ತಿಂಗಳಲ್ಲೇ ಇರುತ್ತಾರೆ. ಬಿತ್ತನೆ ಬಂತು ಅಂದರೆ ಕಲಘಟಗಿ, ಶಿರಹಟ್ಟಿ, ಶಿಗ್ಗಾವಿ ಕಡೆಯವರು ಊರಿಗೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಬೇರೆ ಮುಖಗಳು ಬರುತ್ತವೆ. ಅವರಲ್ಲಿ ಎಷ್ಟೋ ಜನ ಹೊಲದಲ್ಲಿ ಕೆಲಸ ಮಾಡಿದವರು. ಎತ್ತು, ಕುಂಟೆ ಗೊತ್ತು. ಮೂರನೇ ಮಹಡಿಯ ಅಂಚು ಗೊತ್ತಿಲ್ಲ.

ದೊಡ್ಡ ಕಂಪನಿಗಳ ಸೈಟುಗಳಲ್ಲಿ ಇದಕ್ಕೆ ಸುಲಭದ ದಾರಿ ಮಾಡಿಕೊಂಡಿದ್ದಾರೆ. ಹೊಸಬರಿಗೆ ಬೇರೆ ಬಣ್ಣದ ಹೆಲ್ಮೆಟ್ ಅಥವಾ ಸ್ಟಿಕ್ಕರ್ ಕೊಡುತ್ತಾರೆ. ದೂರದಿಂದಲೇ ಗೊತ್ತಾಗುತ್ತದೆ, ಇವನು ಹೊಸಬ ಅಂತ. ಒಬ್ಬ ಹಳಬನ ಜೊತೆ ಜೋಡಿ ಹಾಕುತ್ತಾರೆ. ಮೊದಲ ಕೆಲವು ವಾರ ಎತ್ತರಕ್ಕೆ ಕಳಿಸುವುದಿಲ್ಲ. ಎತ್ತರಕ್ಕೆ ಕಳಿಸುವ ಮುಂಚೆ ಕಣ್ಣು, ಬಿಪಿ ನೋಡುತ್ತಾರೆ, ಮೂರ್ಛೆ ಬರುತ್ತದಾ, ತಲೆ ತಿರುಗುತ್ತದಾ ಅಂತ ಕೇಳುತ್ತಾರೆ. ಇದರಲ್ಲಿ ಹತ್ತು ಜನರ ಸೈಟಿಗೆ ಆಗದ್ದು ಯಾವುದಿದೆ? ಒಂದು ಡಬ್ಬಿ ಹಳದಿ ಪೇಂಟ್ ಸಾಕು. ನಮ್ಮ ಸಣ್ಯಾ ಮೂರನೇ ದಿನಕ್ಕೇ ಒಂಟಿ ಹಲಗೆ ಮೇಲೆ ನಿಂತಿದ್ದ, ಯಾಕಂದರೆ ಅಂದು ಹಳಬನೊಬ್ಬ ರಜೆ ಹಾಕಿದ್ದ.

ಎರಡನೆಯದು ಪಗಾರದ ಲೆಕ್ಕ. ಇದನ್ನು ಸುರಕ್ಷತೆಯ ವಿಷಯ ಅಂತ ಯಾರೂ ನೋಡುವುದಿಲ್ಲ. ಸೆಂಟ್ರಿಂಗ್ ಉದಾಹರಣೆ ತಗೊಳ್ಳಿ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಕೆಳಗಿನಿಂದ ಹೊತ್ತು ನಿಲ್ಲಿಸುವ ಪ್ಲೇಟು, ಗಳಗಳ ಕೆಲಸ. ಸ್ಲ್ಯಾಬ್ ಹಾಕಿದ ಮೇಲೆ ಕೆಳಗಿನ ಗಳ, ಜಾಕಿ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ಐಎಸ್ 456 ಅನ್ನುವ ಭಾರತೀಯ ಮಾನಕದಲ್ಲಿ ದಿನದ ಲೆಕ್ಕ ಇದೆ. ಸಾದಾ ಸಿಮೆಂಟಿನ ಸ್ಲ್ಯಾಬಿಗೆ ಒಂದು ಆಧಾರದಿಂದ ಇನ್ನೊಂದು ಆಧಾರದ ಅಂತರ 4.5 ಮೀಟರ್‌ವರೆಗೆ ಇದ್ದರೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. 6 ಮೀಟರ್ ದಾಟಿದ ಬೀಮ್‌ಗಳಿಗೆ 21 ದಿನ. ಇದು ಸೆಂಟ್ರಿಂಗ್ ಮಾಡುವವರಿಗೆ ಗೊತ್ತಿಲ್ಲ ಅಂತಲ್ಲ, ಬಹಳ ಜನರಿಗೆ ಗೊತ್ತಿದೆ. ಆದರೂ ಬೇಗ ಬಿಚ್ಚುತ್ತಾರೆ. ಯಾಕೆ? ಪ್ಲೇಟು, ಜಾಕಿ ಬಾಡಿಗೆಗೆ ತಂದದ್ದು. ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತದೆ. ಮಾಲೀಕರು ಕೊಡುವುದು ಚದರಡಿ ಲೆಕ್ಕ. ಒಂದೊಂದು ದಿನ ಜಾಸ್ತಿ ನಿಂತರೂ ಆ ಬಾಡಿಗೆ ಸೆಂಟ್ರಿಂಗ್ ಮಾಡುವವನ ಕಿಸೆಯಿಂದ ಹೋಗುತ್ತದೆ. ಮುಂದಿನ ಸೈಟಿನವರು ಬೇರೆ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ.

ಅಂಥವನ ಮುಂದೆ ಸುರಕ್ಷತೆಯ ಭಾಷಣ ಮಾಡಿ ಏನು ಉಪಯೋಗ? ಒಪ್ಪಂದದಲ್ಲಿ ಒಂದು ಸಾಲು ಬರೆದರೆ ಕೆಲಸ ಆಗುತ್ತದೆ: ಎಂಜಿನಿಯರ್ ಸಹಿ ಹಾಕುವವರೆಗೆ ಗಳ ತೆಗೆಯುವಂತಿಲ್ಲ, ಅಲ್ಲಿಯವರೆಗಿನ ಬಾಡಿಗೆ ಮಾಲೀಕರದ್ದು. ಹಣದ ಒತ್ತಡ ತೆಗೆದರೆ ಅವಸರವೂ ಹೋಗುತ್ತದೆ.

ಸ್ಲ್ಯಾಬ್ ಹಾಕುವ ದಿನವಂತೂ ಕಣ್ಣಾರೆ ನೋಡಬೇಕು. ಬೆಳಿಗ್ಗೆ ಏಳಕ್ಕೆ ಮಿಕ್ಸರ್ ಶುರು. ತೆಂಗಿನಕಾಯಿ ಒಡೆದು, ಎಲ್ಲರಿಗೂ ಪೇಢೆ ಹಂಚುತ್ತಾರೆ. ಹೆಣ್ಣಾಳುಗಳು ಸಾಲಾಗಿ ನಿಂತು ಖಡಿ, ಉಸುಕಿನ ಬುಟ್ಟಿ ದಾಟಿಸುತ್ತಾರೆ. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ, ಕಾಂಕ್ರೀಟ್ ಕಾಯುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋದರೆ, ಮಿಕ್ಸರ್ ಕೆಟ್ಟರೆ ಕೆಲಸ ರಾತ್ರಿ ಹತ್ತಕ್ಕೆ ಎಳೆಯುತ್ತದೆ. ಹದಿನೈದು ತಾಸು ಬುಟ್ಟಿ ಹೊತ್ತವರು ಒಂದೇ ಬಲ್ಬಿನ ಬೆಳಕಿನಲ್ಲಿ ಸರಳುಗಳ ಮೇಲೆ ಕಾಲಿಟ್ಟು ನಡೆಯುತ್ತಾರೆ, ಬಹಳ ಜನ ಚಪ್ಪಲಿಯಲ್ಲಿ. ಎಂಟು ತಾಸಿನ ನಂತರ ಮನುಷ್ಯನ ಕಾಲು ಮಾತು ಕೇಳುವುದಿಲ್ಲ. ಅಂಥ ದಿನಕ್ಕೆ ಎರಡು ಗುಂಪು ಕರೆಸಬೇಕು, ಮಧ್ಯಾಹ್ನ ಬದಲಾಯಿಸಬೇಕು. ಖರ್ಚು ಜಾಸ್ತಿ ಆಗುತ್ತದೆ, ನಿಜ. ಸ್ಲ್ಯಾಬಿನ ಖರ್ಚಿನಲ್ಲಿ ಅದು ಎಷ್ಟು ಅಂತ ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಆ ಹೆಣ್ಣುಮಕ್ಕಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸೆರಗು ಮಿಕ್ಸರಿನ ಬೆಲ್ಟಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಸೀರೆ ಮೇಲೆ ಹಾಕಿಕೊಳ್ಳುವ ಒಂದು ಉದ್ದ ತೋಳಿನ ಅಂಗಿ, ಮಿಕ್ಸರಿಗೆ ಒಂದು ಜಾಳಿಗೆ ಕವಚ ಸಾಕು. ಬೂಟು, ಕೈಗವಸು ತರುವಾಗ ಗಂಡಸರ ಅಳತೆಯನ್ನೇ ತರುತ್ತಾರೆ, ದೊಡ್ಡದಾಗುತ್ತದೆ ಅಂತ ಅವರು ಹಾಕಿಕೊಳ್ಳುವುದಿಲ್ಲ. ಆಮೇಲೆ "ಕೊಟ್ಟರೂ ಹಾಕ್ಕೊಳ್ಳಲ್ಲ" ಅಂತ ಅವರ ಮೇಲೇ ತಪ್ಪು. ಶೌಚಾಲಯ ಇಲ್ಲದ ಸೈಟಿನಲ್ಲಿ ದಿನವಿಡೀ ನೀರು ಕುಡಿಯದೆ ಇರುತ್ತಾರೆ. ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲಲ್ಲಿ ನೀರು ಕುಡಿಯದ ಮೈ ಎಷ್ಟು ಹೊತ್ತು ಗಟ್ಟಿ ನಿಲ್ಲುತ್ತದೆ? ತಲೆಸುತ್ತಿ ಬಿದ್ದರೆ ಅದೂ ಅಪಘಾತವೇ ಅಲ್ವಾ.

ನಮ್ಮ ಎರೆ ಮಣ್ಣಿನ ವಿಷಯವೂ ಇದೆ. ಹೊರಗಿನಿಂದ ಬಂದ ಗುತ್ತಿಗೆದಾರರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಎರೆ ಬಿಸಿಲಿಗೆ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಒಣಗಿದಾಗ ಕಲ್ಲಿನ ಹಾಗೆ ಕಾಣುವ ಗುಂಡಿಯ ಗೋಡೆ ಒಂದು ಮಳೆ ಬಿದ್ದ ಮೇಲೆ ಪೂರಾ ಜಾರಿ ಬೀಳಬಹುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. ಎದೆಯವರೆಗೆ ಮುಚ್ಚಿದರೂ ಉಸಿರು ನಿಲ್ಲಬಹುದು. 1.5 ಮೀಟರ್‌ಗಿಂತ ಆಳದ ಕಾಲುವೆಗೆ ಪಕ್ಕದಲ್ಲಿ ಹಲಗೆ ಕೊಟ್ಟು ಆನಿಸಬೇಕು ಅಂತ ಅಗೆತದ ಮಾನಕ ಐಎಸ್ 3764 ಹೇಳುತ್ತದೆ. ತೆಗೆದ ಮಣ್ಣನ್ನು ಅಂಚಿಗೇ ಒಟ್ಟಬಾರದು ಅಂತಲೂ ಹೇಳುತ್ತದೆ. ಒಳಚರಂಡಿ, ನೀರಿನ ಪೈಪು ಅಂತ ಊರ ತುಂಬ ಅಗೆಯುವ ನಮ್ಮಲ್ಲಿ ಇದು ಗುದ್ದಲಿ ಹಿಡಿದವನಿಗೂ ಜೆಸಿಬಿ ಓಡಿಸುವವನಿಗೂ ಗೊತ್ತಿರಬೇಕು. ಗುಂಡಿಗೆ ಇಳಿಯುವ ಮುಂಚೆ "ರಾತ್ರಿ ಮಳಿ ಆಗೇತಿ, ಇವತ್ತ ಇಳಿಯೂದು ಬ್ಯಾಡ" ಅಂತ ಹೇಳಿದ ಕೂಲಿಯವನಿಗೆ ಅಂದಿನ ಪಗಾರ ಕತ್ತರಿಸಿದರೆ, ನಾಳೆ ಅವನು ಹೇಳುವುದಿಲ್ಲ. ಸುಮ್ನೆ ಇಳಿಯುತ್ತಾನೆ. ಕೆಲಸ ನಿಲ್ಲಿಸುವ ಹಕ್ಕು ನಿಜವಾಗಬೇಕಾದರೆ ಆ ದಿನದ ಪಗಾರ ಅವನಿಗೆ ಸಿಗಬೇಕು.

ಭಾಷೆಯದೂ ಒಂದು ತೊಡಕಿದೆ. ಈಗ ಟೈಲ್ಸ್, ಸೆಂಟ್ರಿಂಗ್, ಪಿಒಪಿ ಕೆಲಸಕ್ಕೆ ಬಿಹಾರ, ಉತ್ತರ ಪ್ರದೇಶ, ಬಂಗಾಳದ ಹುಡುಗರು ಬಹಳ ಬರುತ್ತಾರೆ. ಮೇಸ್ತ್ರಿ "ಸರಿ, ಸರಿ!" ಅಂತ ಕೂಗಿದರೆ ಅದು ಹಿಂದೆ ಸರಿ ಅಂತಲೋ, ಎಲ್ಲ ಸರಿ ಇದೆ ಅಂತಲೋ ಅವರಿಗೆ ಹೇಗೆ ತಿಳಿಯಬೇಕು? ನಿಲ್ಲಿಸು, ಎತ್ತು, ಇಳಿಸು, ಓಡು. ಈ ನಾಲ್ಕಕ್ಕೆ ಕೈಸನ್ನೆ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ ನಿಂತು ಅಂದಿನ ಅಪಾಯ ಯಾವುದು ಅಂತ ಮಾತಾಡಿದರೆ ಸಾಕು. ದೊಡ್ಡ ಸೈಟುಗಳಲ್ಲಿ ಇದಕ್ಕೆ ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ. ಹಿಂದಿನ ದಿನ ಏನಾದರೂ ಕೂದಲೆಳೆಯಲ್ಲಿ ತಪ್ಪಿತಾ ಅಂತ ಕೇಳುವುದು ಇದರ ಮುಖ್ಯ ಭಾಗ. ತಪ್ಪಿದ್ದನ್ನು ಹೇಳಿದವನಿಗೆ ಬೈಗುಳ ಬೀಳಬಾರದು.

2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಫ್ಲೈಓವರ್ ಕಾಮಗಾರಿಯಿಂದ ಕಬ್ಬಿಣದ ರಾಡ್ ಬಿದ್ದು, ಕೆಳಗೆ ಬೈಕಿನಲ್ಲಿ ಹೋಗುತ್ತಿದ್ದ ಪೊಲೀಸ್ ಎಎಸ್‌ಐ ಒಬ್ಬರು ಗಾಯಗೊಂಡರು, ಕೆಲವು ದಿನಗಳ ನಂತರ ತೀರಿಕೊಂಡರು. ಸೈಟಿನ ಸುರಕ್ಷತೆ ದಾರಿಹೋಕರ ಸುರಕ್ಷತೆಯೂ ಹೌದು ಅಂತ ಊರಿಗೆಲ್ಲ ಆಗ ಅರ್ಥವಾಯಿತು. ಮೇಲೆ ಕೆಲಸ ನಡೆದಾಗ ಕೆಳಗೆ ಬಾವುಟ ಹಿಡಿದು ಜನರನ್ನು ತಡೆಯುವುದು ಒಂದು ಪೂರ್ಣಾವಧಿ ಕೆಲಸ. ಅದಕ್ಕೆ ಒಬ್ಬ ಆಳು, ಅವನಿಗೊಂದು ಪಗಾರ ಬೇಕು. ಆ ಆಳನ್ನೇ ಅರ್ಧ ತಾಸಿನ ಮಟ್ಟಿಗೆ ಸಿಮೆಂಟ್ ಚೀಲ ಹೊರಲು ಕಳಿಸುವಂತಿಲ್ಲ.

ಜವಾಬ್ದಾರಿ ಯಾರದ್ದು ಅನ್ನುವುದಕ್ಕೆ ಬರೋಣ. ಮಾಲೀಕರು ಗುತ್ತಿಗೆದಾರರಿಗೆ ಕೊಡುತ್ತಾರೆ, ಅವರು ಉಪಗುತ್ತಿಗೆ ಕೊಡುತ್ತಾರೆ, ಅವರು ಮೇಸ್ತ್ರಿಗೆ. ಏನಾದರೂ ಆದರೆ ಎಲ್ಲರೂ "ನಮ್ಮ ಆಳಲ್ಲ" ಅನ್ನುತ್ತಾರೆ. ಇದು 1923ರಿಂದಲೂ ಕಾನೂನಿಗೆ ಗೊತ್ತಿದ್ದ ಆಟ. ಆ ವರ್ಷದ ಪರಿಹಾರ ಕಾಯ್ದೆಯ 12ನೇ ಕಲಂನಲ್ಲೇ ಬರೆದಿತ್ತು: ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆ ಕೊಟ್ಟ ಮೂಲ ಮಾಲೀಕನೇ ಮೊದಲು ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಆದರೆ ಕೆಲಸಕ್ಕಿದ್ದ ಅನ್ನುವುದಕ್ಕೇ ದಾಖಲೆ ಇಲ್ಲದಿದ್ದರೆ ಹೆಂಡತಿ-ಮಕ್ಕಳು ಯಾವ ಕಾಗದ ಹಿಡಿದು ಹೋಗಬೇಕು? ಲೇಬರ್ ಕಾರ್ಡಿಗೂ 90 ದಿನದ ಕೆಲಸದ ಪುರಾವೆ ಬೇಕು. ಕೆಲಸ ಮಾಡದವರೆಲ್ಲ ಹೇಗೋ ಪುರಾವೆ ತಂದು ಕಾರ್ಡ್ ಮಾಡಿಸಿಕೊಂಡರು, ಮೈಯೆಲ್ಲ ಸಿಮೆಂಟಾದವರಿಗೆ ಬರೆದುಕೊಡುವವರು ಸಿಗಲಿಲ್ಲ. ಸೈಟಿನ ಹಾಜರಿ ಪುಸ್ತಕ ಸರಿಯಾಗಿದ್ದರೆ ಆ ಪುರಾವೆ ತಾನಾಗೇ ಇರುತ್ತದೆ.

ಮಹಾನಗರ ಪಾಲಿಕೆ ಕಟ್ಟಡ ಪರವಾನಗಿ ಕೊಡುವಾಗ ನಕ್ಷೆ ಕೇಳುತ್ತದೆ, ಸೆಸ್ ಕಟ್ಟಿಸಿಕೊಳ್ಳುತ್ತದೆ. ಅದರ ಜೊತೆ ಇನ್ನೊಂದು ಹಾಳೆ ಕೇಳಬಹುದು: ಈ ಸೈಟಿನಲ್ಲಿ ಜನರ ಸುರಕ್ಷತೆ ನೋಡಿಕೊಳ್ಳುವವರು ಯಾರು, ಅವರ ಹೆಸರು, ಫೋನ್ ನಂಬರ್. ಸೈಟಿನ ಮುಂದಿನ ಬೋರ್ಡಿನಲ್ಲಿ ಎಂಜಿನಿಯರ್ ಹೆಸರಿನ ಕೆಳಗೆ ಆ ಹೆಸರೂ ಇರಲಿ. ಹೆಸರು ಬರೆದ ಕೂಡಲೇ ಮನುಷ್ಯ ಸ್ವಲ್ಪ ಎಚ್ಚರವಾಗುತ್ತಾನೆ. ನಮ್ಮ ಸಿವಿಲ್ ಎಂಜಿನಿಯರ್‌ಗಳ ಸಂಘಗಳು ಮನಸ್ಸು ಮಾಡಿದರೆ ಮೇಸ್ತ್ರಿಗಳ ತರಬೇತಿಯನ್ನು ನಾಳೆಯೇ ಶುರು ಮಾಡಬಹುದು.

ಮನೆ ಕಟ್ಟಿಸುವ ನಮ್ಮಂಥವರೂ ಇದರಲ್ಲಿ ಇದ್ದೇವೆ. ನಾವು ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ತಿರುಗುತ್ತೇವೆ. ಮೇಸ್ತ್ರಿಗೆ ಮುಂಗಡ ಕೊಡುವ ಮುಂಚೆ, ಆಳುಗಳ ಹೆಸರು ಎಲ್ಲಿ ಬರೆಯುತ್ತೀರಿ, ಪರಾಂಚಿಗೆ ಎಷ್ಟು ಹಲಗೆ ಹಾಕುತ್ತೀರಿ ಅಂತ ಕೇಳುವುದಿಲ್ಲ. ರೇಟು ಚೌಕಾಸಿ ಮಾಡಿ ಚದರಡಿಗೆ ಹತ್ತು ರೂಪಾಯಿ ಇಳಿಸಿದಾಗ ಮೇಸ್ತ್ರಿ ಆ ಹತ್ತು ರೂಪಾಯಿ ಎಲ್ಲಿ ಉಳಿಸುತ್ತಾನೆ ಅಂತ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಅವನು ಎರಡನೇ ಹಲಗೆಯಲ್ಲಿ ಉಳಿಸಿದ್ದ.

ಹೋದ ತಿಂಗಳು ಕಾಂಪೌಂಡ್ ರಿಪೇರಿಗೆ ಅದೇ ಮೇಸ್ತ್ರಿಯನ್ನು ಕರೆದಿದ್ದೆ. ನಾಲ್ಕೇ ಜನ, ನಾಲ್ಕೇ ದಿನದ ಕೆಲಸ. ಚಹಾ ಕೊಡುವಾಗ ಕಿಸೆಯಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದ. ಒಬ್ಬೊಬ್ಬರಿಗೆ ಒಂದೊಂದು ಪುಟ. ಪೂರ್ತಿ ಹೆಸರು, ಊರು, ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ನಂಬರ್. ಅಕ್ಷರ ಅವನ ಮಗಳದ್ದು. ಮೊದಲ ಪುಟದಲ್ಲಿ ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಹೆಸರಿತ್ತು, ಅದರ ಮುಂದೆ ಆ ಹುಡುಗನ ಪೂರ್ತಿ ಹೆಸರು. ಅವನ ಕೈ ಸರಿಹೋಗಿದೆ. ಈಗ ಹೊಸಬರು ಬಂದರೆ ಅವರ ಜೊತೆ ಜೋಡಿ ಹಾಕುವುದು ಅವನನ್ನೇ ಅಂತೆ.